ಎರಡು ಮನೆಗಳ ನಡುವಿನ ರಸ್ತೆ

ಫೆಬ್ರವರಿ 4, ಮಂಗಳವಾರ

ಬಲಗೈಗೆ ಕಸುವು ಬರಬೇಕಾದರೆ ದಿನವೂ ಏನಾದರೂ ಬರೆಯಿರಿ ಎಂದು ಫಿಸಿಯೋ ಹೇಳಿ ಹೋಗಿದ್ದಾಳೆ. ಏನು ಬರೆಯಲಿ ಎಂದರೆ, ಮನಸ್ಸಿಗೆ ಬಂದದ್ದು ಎಂದಳು. ನನ್ನ ಮನಸ್ಸಿಗೆ ಬರುವುದೆಲ್ಲ ಬೈಗುಳವೇ. ಇರಲಿ, ಅದನ್ನೇ ಬರೆಯುತ್ತೇನೆ. ಓದುವವರು ಯಾರೂ ಇಲ್ಲ, ತಂಗಿಯ ದಿನ ಗಿರಾಕಿಗಳ ಬಟ್ಟೆ ಹೊಲಿಯುವುದರಲ್ಲೇ ಮುಗಿಯುತ್ತದೆ.

ಓಡುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು ಮೂವತ್ತು ವರ್ಷ ನಿಂತವಳು ನಾನು. ಯಾವ ಡ್ರೈವರ್ ಎಂಥ ಬ್ರೇಕು ಹಾಕಿದರೂ ಬಿದ್ದವಳಲ್ಲ. ಬಿದ್ದದ್ದು ನನ್ನದೇ ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಒಂದು ಲೋಟ ನೀರು ಹಿಡಿದುಕೊಂಡು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಆಸ್ಪತ್ರೆಯಿಂದ ವಾಪಸ್ಸು ಬಂದಾಗ ಬಲಗಾಲು ನನ್ನದಲ್ಲ, ಬಲಗೈ ಅರ್ಧ ನನ್ನದು, ನಾಲಿಗೆ ಮಾತ್ರ ಪೂರ್ತಿ ನನ್ನದು. ತಂಗಿಗೆ ಹೀಗೆ ಹೇಳಿದೆ. ನಕ್ಕಳು, ಆಮೇಲೆ ಅತ್ತಳು.

ನನ್ನನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಒಬ್ಬಳನ್ನು ಗೊತ್ತುಮಾಡಿದ್ದಾಳೆ. ಬೆಳಿಗ್ಗೆ ಬಂದು ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಬೇಕು. ಸಂಜೆ ಬಂದು ಮಲಗಿಸಬೇಕು. ಇವತ್ತು ಮೊದಲ ದಿನ, ಮೊದಲ ದಿನವೇ ತಡ. ನಮ್ಮದು ಮೇಲಿನ ಮನೆ. ಮೆಟ್ಟಿಲ ಮೇಲೆ ದಡದಡ ಸದ್ದು ಕೇಳಿತು, ಬಾಗಿಲು ತೆರೆಯಿತು, ಏದುಸಿರು ಬಿಡುತ್ತ ಒಬ್ಬಳು ನಿಂತಿದ್ದಳು. ಹೊರಟ ಬಸ್ಸಿನ ಹಿಂದೆ ಓಡಿ ಬರುವ ಜಾತಿ. ಇಂಥವರನ್ನು ಸಾವಿರ ನೋಡಿದ್ದೇನೆ. ಮನೆಯಿಂದ ಎರಡು ನಿಮಿಷ ಮುಂಚೆ ಹೊರಡುವುದಕ್ಕೆ ಇವರಿಗೆ ಏನು ಕಷ್ಟವೋ.

ದಿನಾ ಬರುವ ಪ್ರಯಾಣಿಕರಿಗೆಲ್ಲ ಅಡ್ಡಹೆಸರಿಡುವುದು ನನ್ನ ಹಳೆಯ ಚಾಳಿ. ಇವಳಿಗೆ ಓಡೋಡಿ ಎಂದು ಇಟ್ಟಿದ್ದೇನೆ.

ಫೆಬ್ರವರಿ 7, ಶುಕ್ರವಾರ

ಓಡೋಡಿ ಇವತ್ತೂ ತಡ. ಕೇಳಿದರೆ, ಹಿಂದಿನ ಮನೆಯ ಅಜ್ಜನನ್ನು ಸೋಪಿನ ಸಮೇತ ಬಿಟ್ಟು ಬರಲು ಆಗುವುದಿಲ್ಲ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಜ್ಜನ ಪಾಡು ಅಜ್ಜನಿಗೆ, ನನ್ನ ಪಾಡು ನನಗೆ ಎಂದೆ. ಅವಳು ನೀರಿನ ಬಿಸಿಯನ್ನು ತನ್ನ ಮೊಣಕೈ ಮೇಲೆ ಸುರಿದುಕೊಂಡು ನೋಡಿದಳು, ಆಮೇಲೆ ನನ್ನ ಭುಜಕ್ಕೆ ಹಾಕಿದಳು. ತಲೆ ಚೆನ್ನಾಗಿ ತೊಳೆಯುತ್ತಾಳೆ, ಅದನ್ನು ಒಪ್ಪಬೇಕು.

ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಾಯಿಲೆಯಾದ ಮೇಲೆ ಅವಳು ನನ್ನನ್ನು ಮುಟ್ಟಿಯೇ ಇಲ್ಲ. ಊಟದ ತಟ್ಟೆಯನ್ನೂ ಮಡಿಲಿಗೆ ಇಡದೆ ಪಕ್ಕದ ಮೇಜಿನ ಮೇಲೆ ಇಟ್ಟು ಹಿಂದೆ ಸರಿಯುತ್ತಾಳೆ. ಎಲ್ಲಿ ಒಡೆದುಬಿಡುತ್ತೇನೋ ಎಂಬ ಭಯ. ಚಿಕ್ಕಂದಿನಲ್ಲಿ ನನ್ನ ಜಡೆ ಹಿಡಿದು ಎಳೆದಾಡಿದವಳೇ ಇವಳು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಒಂದು ರಗಳೆ. ಹಾಸಿಗೆಯಿಂದ ಕುರ್ಚಿಗೆ ಹೋಗುವಾಗ ಓಡೋಡಿ ದಿನವೂ ನನ್ನ ಮುಂದೆ ಬಗ್ಗಿ ನಿಂತು, ಒಂದು ಎರಡು ಮೂರು ಎಂದು ಎಣಿಸಿ ಎತ್ತುತ್ತಾಳೆ. ಇವತ್ತು ತಡವಾಗಿತ್ತಲ್ಲ, ಎಣಿಕೆಯೂ ಓಡಿತು. ಅವಳು ಎರಡು ಎನ್ನುವಷ್ಟರಲ್ಲಿ ನನಗೆ ಜಾರುತ್ತಿದ್ದೇನೆ ಅನ್ನಿಸಿತು. ಎಡಗೈಯನ್ನು ಅವಳ ಕತ್ತಿಗೆ ಸುತ್ತಿ ನೇತುಬಿದ್ದೆ. ಯಾರಾದರೂ ಅದನ್ನೇ ಮಾಡುತ್ತಿದ್ದರು.

ಅವಳ ಬೆನ್ನಿನಲ್ಲಿ ಏನೋ ಲಟಕ್ ಎಂದಿತು. ಮುಖ ಬಿಳುಚಿತು. ಆದರೂ ನನ್ನನ್ನು ಕೆಳಗೆ ಬಿಡಲಿಲ್ಲ, ಕುರ್ಚಿಯಲ್ಲಿ ಕೂರಿಸಿಯೇ ಗೋಡೆ ಹಿಡಿದಳು. ಸ್ವಲ್ಪ ಹೊತ್ತು ಕೂತುಕೋ ಎಂದು ತಂಗಿ ಹೇಳಿದರೆ, ಮುಂದಿನ ಮನೆಯಲ್ಲಿ ಕಾಯುತ್ತಿದ್ದಾರೆ ಎಂದು ಹೊರಟಳು. ಮೆಟ್ಟಿಲ ಮೇಲೆ ಓಡುವ ಸದ್ದು ಕೇಳಲಿಲ್ಲ.

ಮೈಯಲ್ಲಿ ಕಸುವಿಲ್ಲದವರು ಇಂಥ ಕೆಲಸಕ್ಕೆ ಯಾಕೆ ಬರುತ್ತಾರೋ. ಸಂಜೆ ಬರಲಿಲ್ಲ, ಕೆಳಗಿನ ಮನೆಯವರು ಹತ್ತಿ ಬಂದು ಮಲಗಿಸಿದರು.

ಫೆಬ್ರವರಿ 14, ಶುಕ್ರವಾರ

ಯಾರೂ ಬರಲಿಲ್ಲ. ತಂಗಿ ಏಜೆನ್ಸಿಗೆ ಫೋನ್ ಮಾಡುತ್ತಲೇ ಇದ್ದಳು. ಎಲ್ಲವೂ ಹಾಸಿಗೆಯಲ್ಲೇ ಆಯಿತು. ಇಷ್ಟು ಸಾಕು.

ಫೆಬ್ರವರಿ 17, ಸೋಮವಾರ

ಹೊಸಬಳು ಬಂದಿದ್ದಾಳೆ. ಎತ್ತರ, ಅಗಲ, ಗಂಟಲು ಎಲ್ಲವೂ ದೊಡ್ಡದು. ಎಣಿಸುವುದಿಲ್ಲ, ಹೇಳುವುದಿಲ್ಲ, ಕಂಕುಳಿಗೆ ಕೈ ಹಾಕಿ ಮೂಟೆಯ ಹಾಗೆ ಎತ್ತಿ ಇಡುತ್ತಾಳೆ. ನಾನಿನ್ನೂ ಏಳಬೇಕು ಎಂದುಕೊಳ್ಳುವಷ್ಟರಲ್ಲಿ ಕುರ್ಚಿಯಲ್ಲಿರುತ್ತೇನೆ. ಇವಳ ಹೆಸರು ಕ್ರೇನ್. ಹೆಸರಿಡಲು ಯೋಚಿಸಬೇಕಾಗಲೇ ಇಲ್ಲ.

ಫೆಬ್ರವರಿ 19, ಬುಧವಾರ

ಕ್ರೇನ್. ಭುಜ ನೋವು.

ಫೆಬ್ರವರಿ 21, ಶುಕ್ರವಾರ

ಭುಜ ಊದಿಕೊಂಡಿದೆ. ಎತ್ತುವುದನ್ನು ನಿನಗೆ ಯಾರು ಕಲಿಸಿದ್ದು ಎಂದು ಕ್ರೇನ್‌ಳನ್ನು ಕೇಳಿದೆ. ಕೋಪ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ, ಅವಳು ನಕ್ಕಳು. ಕೆಲಸಕ್ಕೆ ಸೇರಿದ ದಿನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರಂತೆ. ಅದರಲ್ಲಿ ಒಬ್ಬ ನಗುಮುಖದ ಹುಡುಗಿ ಒಬ್ಬ ನಗುಮುಖದ ಅಜ್ಜಿಗೆ ಹೂವಿನ ಗುಚ್ಛ ಕೊಡುತ್ತಾಳಂತೆ. ಮಿಕ್ಕಿದ್ದನ್ನು ಮಾಡುತ್ತ ಮಾಡುತ್ತ ಕಲಿಯಬೇಕು. ಇದಕ್ಕೆ ಮುಂಚೆ ಇವಳು ಗೋದಾಮಿನಲ್ಲಿ ಸಿಮೆಂಟಿನ ಮೂಟೆ ಇಳಿಸುತ್ತಿದ್ದಳು. ಅಲ್ಲಿ ಕಲಿತದ್ದನ್ನೇ ಇಲ್ಲಿ ಮಾಡುತ್ತಿದ್ದಾಳೆ. ಪಾಪ, ಅವಳ ತಪ್ಪೇನಿದೆ.

ಓಡೋಡಿಯ ಸುದ್ದಿ ನಾನು ಕೇಳಲಿಲ್ಲ, ಕ್ರೇನ್ ತಾನಾಗಿಯೇ ಹೇಳಿದಳು. ಓಡೋಡಿ ಮಲಗಿದ್ದಾಳೆ. ಬಾರದ ದಿನಕ್ಕೆ ಸಂಬಳವಿಲ್ಲ. ಕೆಲಸ ಮಾಡುವಾಗಲೇ ಬೆನ್ನು ಹೋಯಿತಲ್ಲ ಎಂದರೆ, ಅದಕ್ಕೆ ಸಾಕ್ಷಿ ಏನು ಎಂದರಂತೆ. ವಾಹನ ನಿಲ್ಲಿಸುವ ಕಟ್ಟಡವೊಂದರ ಬಾಗಿಲಲ್ಲಿ ಚೀಟಿ ಹರಿಯುವ ಕೆಲಸ ಇದೆಯಂತೆ, ಅಲ್ಲಿಗೆ ಸೇರಿಕೊಳ್ಳುವ ಯೋಚನೆ ಮಾಡುತ್ತಿದ್ದಾಳಂತೆ. ಕೂತು ಮಾಡುವ ಕೆಲಸ. ಮಾಡಲಿ, ಒಳ್ಳೆಯದೇ. ನನಗೇನು.

ಇನ್ನೊಂದು ಮಾತು ಹೇಳಿದಳು. ಮನೆಯ ಒಳಗಿರುವ ಹೊತ್ತಿಗೆ ಮಾತ್ರ ಇವರಿಗೆ ಸಂಬಳ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತು ಲೆಕ್ಕಕ್ಕಿಲ್ಲ. ಈ ಮನೆ ಬಿಡುವ ಗಳಿಗೆಯೂ ಆ ಮನೆ ಸೇರುವ ಗಳಿಗೆಯೂ ಏಜೆನ್ಸಿಯ ಪ್ರಕಾರ ಒಂದೇ.

“ಹಾಗಾದ್ರೆ ಮಧ್ಯದ ರಸ್ತೆ?” ಎಂದೆ.

“ರಸ್ತೆ ನಮ್ದು ಅಮ್ಮ. ಅದಕ್ಕೇ ಅವಳು ಓಡ್ತಿದ್ದಿದ್ದು. ನಾನೂ ಓಡ್ಬೇಕು, ಆದ್ರೆ ಈ ಮೈ ಹೊತ್ಕೊಂಡು ಎಲ್ಲಿ ಓಡ್ಲಿ?” ಎಂದಳು.

ನನಗೆ ಡಿಪೋ ನೆನಪಾಯಿತು. ಬೆಳಿಗ್ಗೆ ಡಿಪೋದಿಂದ ಮೊದಲ ಸ್ಟಾಪಿನವರೆಗೆ ಬಸ್ಸು ಖಾಲಿ ಹೋಗುತ್ತದೆ, ಒಬ್ಬ ಪ್ರಯಾಣಿಕನೂ ಇರುವುದಿಲ್ಲ. ಆ ದಾರಿಗೂ ನಮಗೆ ಸಂಬಳ ಇತ್ತು. ಖಾಲಿ ಬಸ್ಸು ತಾನಾಗಿಯೇ ಸ್ಟಾಪಿಗೆ ಹೋಗಿ ನಿಲ್ಲುತ್ತದೆಯೇ?

ಫೆಬ್ರವರಿ 24, ಸೋಮವಾರ

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಟ್ಟೆ ಕೊಡಲು ಬಂದ ಗಿರಾಕಿ. ಯಾಕೋ ಇಡೀ ದಿನ ಬೇಸರ.

ಫೆಬ್ರವರಿ 25, ಮಂಗಳವಾರ

ಏಜೆನ್ಸಿಯ ಯಜಮಾನನಿಗೆ ನಾನೇ ಫೋನ್ ಮಾಡಿದೆ. ಅವನ ಮಾತಿನಲ್ಲಿ ಸಕ್ಕರೆ ಪಾಕ ಸುರಿಯುತ್ತದೆ, ಆದ್ದರಿಂದ ಅವನು ಸಕ್ಕರೆ ಸಾಹೇಬ. ಓಡೋಡಿಗೆ ಮಲಗಿರುವ ದಿನಗಳ ಸಂಬಳ ಕೊಡಿ, ಬೆನ್ನು ಹೋಗಿದ್ದು ನನ್ನ ಮನೆಯಲ್ಲಿ, ಸಾಕ್ಷಿ ನಾನೇ ಎಂದೆ. ನಿಮ್ಮಂಥ ಹಿರಿಯರ ಆಶೀರ್ವಾದವೇ ನಮ್ಮ ಸಂಸ್ಥೆಯ ಬಲ ಎಂದ. ಆಶೀರ್ವಾದ ಆಮೇಲೆ, ಸಂಬಳ ಮೊದಲು ಎಂದೆ. ರಸ್ತೆಯ ಮಾತನ್ನೂ ಎತ್ತಿದೆ, ಖಾಲಿ ಬಸ್ಸಿನ ಉದಾಹರಣೆ ಕೊಟ್ಟೆ. ಅದು ಸರ್ಕಾರಿ ಕೆಲಸ ಅಮ್ಮ, ಇದು ಸೇವೆ ಎಂದ. ನಾವು ತಿಂಗಳು ತಿಂಗಳು ಕೊಡುತ್ತಿರುವುದೂ ಕಡಿಮೆಯೇನಲ್ಲ, ಓಡೋಡಿಯಂಥವರ ಕೈಗೆ ಸೇರುವುದು ಅದರ ಅರ್ಧ. ದೇವರು ಕೊಟ್ಟರೂ ಪೂಜಾರಿ ಕೊಡ.

ಕೊನೆಗೆ ಅವನು ಒಂದು ಮಾತು ಹೇಳಿದ. ಎಲ್ಲ ಕೊಡಬಹುದು, ಆದರೆ ನಿಮ್ಮ ಮನೆಯಿಂದ ಬರುವ ಹಣ ಹೆಚ್ಚಾಗಬೇಕಾಗುತ್ತದೆ. ನಾನು ಹೆಚ್ಚಿಸಿ ಎಂದುಬಿಟ್ಟೆ.

ಫೋನ್ ಇಟ್ಟು ತಿರುಗಿದರೆ ತಂಗಿ ಹೊಲಿಗೆ ಮೆಷಿನ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

“ಅಕ್ಕ, ನಿನ್ ಪಿಂಚಣಿ ಔಷಧಿಗೇ ಸರಿಹೋಗತ್ತೆ. ಇದನ್ನ ಕೊಡ್ತಿರೋದು ನಾನು. ಈಗಾಗ್ಲೇ ಕಣ್ಣು ಮಂಜಾಗೋವರೆಗೂ ಹೊಲೀತಿದ್ದೀನಿ.”

ಅವಳು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಜೋರು ಮಾಡಿ ಗೆಲ್ಲಬಹುದಿತ್ತು.

ಮಾರ್ಚ್ 2, ಭಾನುವಾರ

ನಾವಿಬ್ಬರೂ ಹೆಚ್ಚು ಮಾತಾಡುತ್ತಿಲ್ಲ. ಮೆಷಿನ್ ಮಾತಾಡುತ್ತದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುತ್ತಾರೆ. ಕಾಯಿಲೆ ಬಂದದ್ದು ನನಗೆ, ಒಬ್ಬಳ ಬೆನ್ನು ಹೋಯಿತು, ಇನ್ನೊಬ್ಬಳ ಕಣ್ಣು ಹೋಗುತ್ತಿದೆ.

ಮಾರ್ಚ್ 6, ಗುರುವಾರ

ಓಡೋಡಿ ಬಂದಿದ್ದಳು! ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕಂಬಿ ಹಿಡಿದು ಮೆಟ್ಟಿಲು ಹತ್ತಿದಳಂತೆ. ಅವತ್ತು ಬಿಟ್ಟುಹೋದ ಛತ್ರಿ ತೆಗೆದುಕೊಂಡು ಹೋಗಲು ಬಂದೆ ಎಂದಳು. ಚೀಟಿ ಹರಿಯುವ ಕೆಲಸಕ್ಕೆ ಬಾ ಎಂದಿದ್ದಾರೆ, ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಕೂತುಕೋ ಎಂದೆ. ಅವಳು ಈ ಮನೆಯಲ್ಲಿ ಕೂತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಏನು ಮಾತಾಡಬೇಕೋ ತಿಳಿಯಲಿಲ್ಲ. ಹೇಳಬೇಕಾದ ಮಾತು ಗಂಟಲವರೆಗೆ ಬಂದು ಕೂತಿತು, ಅದರ ಬದಲು ಬಸ್ಸಿನ ಕಥೆ ಹೇಳಿದೆ. ಹೊಸದಾಗಿ ಸೇರಿದಾಗ ನಮ್ಮನ್ನು ಒಬ್ಬ ಹಳೆಯ ಕಂಡಕ್ಟರ್ ಜೊತೆ ಕಳಿಸುತ್ತಿದ್ದರು. ಸೀಟಿ ಊದುವುದನ್ನೂ ಕಲಿಸಿದರು. ಕೊನೆಯವರ ಎರಡೂ ಪಾದ ಒಳಗೆ ಬರುವ ತನಕ ರೈಟ್ ಹೇಳಕೂಡದು. ಬಾಗಿಲು ನೋಡಬೇಡ, ಪಾದ ನೋಡು ಎಂದು ಅವರು ತಲೆಗೆ ಮೊಟಕಿ ಹೇಳಿದ್ದರು. ಸಂಜೆ ಎಲ್ಲರೂ ಡಿಪೋದಲ್ಲಿ ಸೇರುತ್ತಿದ್ದೆವು. ಯಾವ ರೂಟಿನಲ್ಲಿ ಯಾರಿಗೆ ಏನಾಯಿತು ಎಂಬುದು ಮನೆಗೆ ಹೋಗುವುದರೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಅದಕ್ಕೇ ಸಂಬಳ ಕೇಳುವಾಗ ಒಟ್ಟಿಗೆ ಕೇಳುತ್ತಿದ್ದೆವು.

ಓಡೋಡಿ ಛತ್ರಿಯ ಹಿಡಿ ತಿರುವುತ್ತ ಕೇಳಿಸಿಕೊಂಡಳು.

“ನಮಗೆ ಡಿಪೋ ಇಲ್ಲ ಅಮ್ಮ. ಒಬ್ಬೊಬ್ರು ಒಂದೊಂದು ಮನೇಲಿ ಇರ್ತೀವಿ. ನನ್ ಜಾಗಕ್ಕೆ ಬಂದೋಳ ಮುಖ ಕೂಡ ನಾನು ನೋಡಿಲ್ಲ, ಫೋನಲ್ಲಿ ಮಾತಾಡಿದ್ದಷ್ಟೇ.”

ಆಗ ಒಳಗಿನಿಂದ ತಂಗಿಯ ದನಿ ಬಂತು. ಭಾನುವಾರ ಗಿರಾಕಿಗಳು ಬರುವುದಿಲ್ಲ, ಮುಂದಿನ ಕೋಣೆ ಖಾಲಿಯಿರುತ್ತದೆ ಎಂದಳು. ನನ್ನ ಜೊತೆ ಮಾತು ಬಿಟ್ಟವಳು ಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮೆಷಿನ್ ಯಾವಾಗ ನಿಂತಿತೋ ನನಗೆ ತಿಳಿದೇ ಇರಲಿಲ್ಲ.

ಮಾರ್ಚ್ 9, ಭಾನುವಾರ

ಮುಂದಿನ ಕೋಣೆಯ ತುಂಬ ಏಜೆನ್ಸಿಯ ಕೆಲಸದವರು. ಕ್ರೇನ್ ತನಗೆ ಗೊತ್ತಿದ್ದವರಿಗೆಲ್ಲ ಹೇಳಿದ್ದಳು, ಅವರು ತಮಗೆ ಗೊತ್ತಿದ್ದವರಿಗೆ ಹೇಳಿದ್ದರು. ಬಟ್ಟೆಯ ಗಂಟುಗಳ ಮೇಲೆ, ಇಸ್ತ್ರಿ ಮೇಜಿನ ಮೇಲೆ, ನೆಲದ ಮೇಲೆ ಕೂತರು. ಒಬ್ಬಳು ತನ್ನ ಮಣಿಕಟ್ಟು ತೋರಿಸಿದಳು, ಇನ್ನೊಬ್ಬಳು ತನ್ನ ಮೊಣಕಾಲು ತೋರಿಸಿದಳು, ಅಲ್ಲಿಂದ ಸಂತೆಯೇ ಶುರುವಾಯಿತು.

ಎತ್ತುವುದನ್ನು ಎಲ್ಲರಿಗೂ ಕಲಿಸು ಎಂದು ಫಿಸಿಯೋಳನ್ನೂ ಕರೆಸಿದ್ದೆ. ರಜೆಯ ದಿನ ಕೆಲಸ ಹೇಳಿದ್ದಕ್ಕೆ ಗೊಣಗುತ್ತ ಬಂದವಳು ಕೊನೆಗೆ ಎಲ್ಲರೂ ಹೋದ ಮೇಲೆ ಹೋದಳು. ಎತ್ತುವುದನ್ನು ಕಲಿಸಲು ಒಂದು ಮೈ ಬೇಕಲ್ಲ, ನಾನೇ ಆದೆ. ಮೂವತ್ತು ವರ್ಷ ಜನರನ್ನು ತುಂಬಿದವಳು ಇವತ್ತು ಲಗೇಜು.

ಮೊದಲು ತಪ್ಪು ಯಾವುದು ಎಂದು ತೋರಿಸಬೇಕು ಎಂದಳು. ಕಾಯಿಲೆಯವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಎಂದು ಕೇಳಿದಳು. ನಾನು ಕ್ರೇನ್‌ಳನ್ನು ಹತ್ತಿರ ಕರೆದು, ಎಡಗೈಯನ್ನು ಅವಳ ಕತ್ತಿಗೆ ಸುತ್ತಿ, ಹೀಗೆ ನೇತುಬೀಳುತ್ತಾರೆ ಎಂದು ತೋರಿಸಿದೆ. ಇದರಿಂದ ಎತ್ತುವವರ ಬೆನ್ನು ಮುರಿಯುತ್ತದೆ ಎಂದೂ ಹೇಳಿದೆ. ಗೋಡೆಗೆ ಒರಗಿ ಕೂತಿದ್ದ ಓಡೋಡಿ ನನ್ನ ಕಡೆ ನೋಡಿದಳು. ನಾನೂ ನೋಡಿದೆ. ಯಾರಾದರೂ ತೋರಿಸಲೇಬೇಕಿತ್ತು, ನನಗೆ ಚೆನ್ನಾಗಿ ಗೊತ್ತಿತ್ತು, ತೋರಿಸಿದೆ.

ಆಮೇಲೆ ಸರಿಯಾದದ್ದು. ಮೂಟೆಯಂತೆ ಎತ್ತುವುದೇ ಇಲ್ಲವಂತೆ. ನನ್ನನ್ನು ಹಾಸಿಗೆಯ ಅಂಚಿಗೆ ಸರಿಸಬೇಕು, ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ತರಬೇಕು, ನಾನು ಮುಂದಕ್ಕೆ ಬಾಗಬೇಕು. ಕೈ ಅವರ ಕತ್ತಿಗಲ್ಲ, ಕುರ್ಚಿಯ ತೋಳಿಗೆ. ಸೊಂಟಕ್ಕೆ ಒಂದು ಅಗಲ ಪಟ್ಟಿ ಕಟ್ಟಿದರೆ ಹಿಡಿಯಲು ಅನುಕೂಲ. ತಂಗಿ ಆಗಲೇ ದಪ್ಪ ಬಟ್ಟೆ ಹುಡುಕಲು ಎದ್ದಿದ್ದಳು. ಫಿಸಿಯೋ ಕೊನೆಗೆ ಹೇಳಿದ್ದು ಇದು:

“ಎಣಿಸೋದು ನೀವಲ್ಲ. ಏಳೋರು ಅವರು. ಅವರು ಹೇಳೋವರೆಗೂ ಕಾಯ್ಬೇಕು.”

ಎಲ್ಲರೂ ನನ್ನ ಮುಖ ನೋಡಿದರು. ರೈಟ್ ಎಂದೆ. ಕ್ರೇನ್‌ಳ ಕೈಯಲ್ಲಿ ನಾನು ಮೊದಲ ಸಲ ನೋವಿಲ್ಲದೆ ಎದ್ದೆ. ಸರದಿಯ ಮೇಲೆ ಎಲ್ಲರೂ ಎಬ್ಬಿಸಿದರು. ಮೈ ಹಣ್ಣಾಗಿದೆ, ಮನಸ್ಸಿಗೆ ಏನೂ ಆಗಿಲ್ಲ.

ಮಾರ್ಚ್ 16, ಭಾನುವಾರ

ಇವತ್ತು ಇನ್ನೂ ಹೆಚ್ಚು ಜನ. ಅಭ್ಯಾಸ ಮುಗಿದ ಮೇಲೆ ಸಂಬಳದ ಮಾತು. ಸಕ್ಕರೆ ಸಾಹೇಬನ ಬಳಿ ಒಬ್ಬೊಬ್ಬರೇ ಹೋಗುವುದು ಬೇಡ, ಒಟ್ಟಿಗೆ ಹೋಗುವುದು ಎಂದು ತೀರ್ಮಾನ. ನಾನೂ ಬರುತ್ತೇನೆ ಎಂದೆ. ಬೇಡ ಎಂದವಳು ಓಡೋಡಿ. ಇದು ನಮ್ಮ ಮಾತು, ನಾವೇ ಆಡಬೇಕು ಎಂದಳು. ಸ್ವಲ್ಪ ಬೇಜಾರಾಯಿತು, ಆದರೆ ಅವಳು ಹೇಳಿದ್ದು ಸರಿ. ನಾವು ಸಂಬಳ ಕೇಳುವಾಗ ಪ್ರಯಾಣಿಕರನ್ನು ಕರೆದುಕೊಂಡು ಹೋಗಿದ್ದೆವೇ?

ಎಲ್ಲರೂ ಹೋದ ಮೇಲೆ ತಂಗಿ ನನ್ನ ಮುಂದೆ ಬಂದು ನಿಂತಳು. ತಾನೇ ಹೊಲಿದ ಪಟ್ಟಿಯನ್ನು ನನ್ನ ಸೊಂಟಕ್ಕೆ ಕಟ್ಟಿದಳು. ಗಂಟನ್ನು ಎರಡು ಸಲ ಎಳೆದು ನೋಡಿದಳು.

“ಹೇಳಕ್ಕ,” ಎಂದಳು.

ರೈಟ್ ಎಂದೆ. ಎದ್ದು ನಿಂತ ಮೇಲೆ ಇಬ್ಬರೂ ಕೂರಲಿಲ್ಲ. ಅವಳ ಹಣೆ ನನ್ನ ಭುಜಕ್ಕೆ ತಾಗಿತ್ತು. ಇವಳು ನನಗಿಂತ ಕುಳ್ಳಿ ಎಂಬುದನ್ನೇ ಮರೆತಿದ್ದೆ. ಭಾನುವಾರ ಇನ್ನು ಮೇಲೆ ನಾನೇ ನೋಡಿಕೊಳ್ಳುತ್ತೇನೆ, ಒಂದು ದಿನದ ಹಣ ಉಳಿಯುತ್ತದೆ, ಆ ಹಣ ರಸ್ತೆಗೆ ಹೋಗಲಿ ಎಂದಳು.

ಮಾರ್ಚ್ 20, ಗುರುವಾರ

ನಿನ್ನೆ ಅವರೆಲ್ಲ ಹೋಗಿದ್ದರಂತೆ. ಕ್ರೇನ್ ವರದಿ ಒಪ್ಪಿಸಿದಳು. ಸಕ್ಕರೆ ಸಾಹೇಬ ಮೊದಲು ನೀವೆಲ್ಲ ನನ್ನ ಮಕ್ಕಳ ಹಾಗೆ ಎಂದ. ಆಮೇಲೆ ಇಷ್ಟವಿಲ್ಲದವರು ಬಿಡಬಹುದು ಎಂದ. ಯಾರೂ ಎದ್ದು ಹೋಗಲಿಲ್ಲ, ಯಾರೂ ಕೂಗಲಿಲ್ಲ. ಓಡೋಡಿ ಸೊಂಟ ಹಿಡಿದುಕೊಂಡು ನಿಂತೇ ಮಾತಾಡಿದಳಂತೆ, ಕೂರು ಎಂದರೂ ಕೂರಲಿಲ್ಲವಂತೆ. ಅವನು ಒಂದು ವಾರ ಸಮಯ ಕೇಳಿದ್ದಾನೆ.

ಸೋಪಿನ ಅಜ್ಜನ ಸೊಸೆ ಅವನಿಗೆ ಫೋನ್ ಮಾಡಿ, ವಾರಕ್ಕೊಬ್ಬರಂತೆ ಹೊಸಬರನ್ನು ಕಳಿಸುವುದಾದರೆ ನಾವು ಬೇರೆ ಏಜೆನ್ಸಿ ನೋಡಿಕೊಳ್ಳುತ್ತೇವೆ ಎಂದಿದ್ದಾರಂತೆ. ಅಜ್ಜನ ವಿಷಯದಲ್ಲಿ ನಾನು ಆಡಿದ ಮಾತು ನೆನಪಾಯಿತು.

ಮಾರ್ಚ್ 27, ಗುರುವಾರ

ಒಪ್ಪಿದ್ದಾನೆ, ಪೂರ್ತಿ ಅಲ್ಲ. ರಸ್ತೆಯ ಹೊತ್ತಿಗೂ ಸಂಬಳ ಕೊಡುತ್ತಾನೆ, ಎರಡು ಮನೆಗಳ ನಡುವೆ ಬಿಡುವು ಇಟ್ಟೇ ಕಳಿಸುತ್ತಾನೆ. ತಿಂಗಳಿಗೊಂದು ದಿನ ಕಲಿಕೆ, ಆ ದಿನಕ್ಕೂ ಸಂಬಳ. ಕೆಲಸದಲ್ಲಿ ಪೆಟ್ಟಾಗಿ ಮಲಗಿದರೆ ಅರ್ಧ ಸಂಬಳ. ಪೂರ್ತಿ ಕೇಳಿದ್ದಕ್ಕೆ ನೋಡೋಣ ಎಂದಿದ್ದಾನೆ. ನಾವೂ ನೋಡೋಣ ಎಂದು ಹೇಳಿ ಬಂದೆವು ಎಂದಳು ಕ್ರೇನ್. ನಮ್ಮ ಮನೆಯ ಹಣ ಸ್ವಲ್ಪ ಹೆಚ್ಚಿತು. ಅವನ ಪಾಲು ಎಷ್ಟು ಕಡಿಮೆಯಾಯಿತು ಎಂದು ಕೇಳಬೇಕು. ಮುಂದಿನ ಸಲ.

ಓಡೋಡಿ ಏನು ಮಾಡುತ್ತಾಳೆ ಎಂದು ಕೇಳಿದೆ. ಹೌದು, ಈ ಸಲ ನಾನೇ ಕೇಳಿದೆ. ಗೊತ್ತಿಲ್ಲ ಎಂದಳು. ಕೂತು ಮಾಡುವ ಕೆಲಸ ಬಿಟ್ಟು ಯಾರು ಬರುತ್ತಾರೆ? ನಾನಾಗಿದ್ದರೆ ಬರುತ್ತಿರಲಿಲ್ಲ.

ಮಾರ್ಚ್ 31, ಸೋಮವಾರ

ಕ್ರೇನ್‌ಗೆ ಬೇರೆ ಬಡಾವಣೆ ಕೊಟ್ಟಿದ್ದಾರೆ. ನಾಳೆಯಿಂದ ಹೊಸಬರು ಬರುತ್ತಾರಂತೆ. ಹೋಗುವಾಗ ನನ್ನ ಕೆನ್ನೆ ಹಿಂಡಿ ಹೋದಳು. ಇನ್ನೊಂದು ಹೆಸರು ಹುಡುಕಬೇಕು. ಮನಸ್ಸಿಲ್ಲ.

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆ ಮೆಟ್ಟಿಲ ಮೇಲೆ ಯಾರೋ ಹತ್ತುವ ಸದ್ದು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಯಾವ ಅವಸರವೂ ಇಲ್ಲ. ಗಿರಾಕಿ ಬಂದರು ನೋಡೇ ಎಂದು ತಂಗಿಗೆ ಹೇಳಿದೆ.

ಓಡೋಡಿ! ಮುಖದಲ್ಲಿ ಬೆವರಿಲ್ಲ. ಛತ್ರಿಯನ್ನು ಬಾಗಿಲ ಹಿಂದೆ ನೇತುಹಾಕಿದಳು.

“ಬೇಗ ಬಂದ್ಬಿಟ್ಟೆನಾ ಅಮ್ಮ?” ಎಂದಳು.

ನಿನ್ನ ಹೆಜ್ಜೆ ಎಂದು ಗುರುತೇ ಸಿಗಲಿಲ್ಲ ಎಂದೆ. ಇನ್ನೂ ಏನೋ ಹೇಳಲು ಹೋದೆ, ಗಂಟಲಲ್ಲಿ ಕೂತಿದ್ದ ಮಾತು ಕೊನೆಗೂ ಹೊರಗೆ ಬಂತು. “ಅವತ್ತು ನಿನ್ ಕತ್ತಿಗೆ ನೇತುಬಿದ್ದೆನಲ್ಲ, ತಪ್ಪಾಯ್ತು ಕಣಮ್ಮ.” ಅವಳು ಗೊತ್ತು ಎಂದಳು. ಅಷ್ಟೇ ಹೇಳಿ ಪಟ್ಟಿ ತಂದು ನನ್ನ ಸೊಂಟಕ್ಕೆ ಕಟ್ಟಿದಳು.

ಹಾಸಿಗೆಯ ಅಂಚಿಗೆ ಸರಿದೆ. ಪಾದ ಹಿಂದಕ್ಕೆ ತಂದೆ. ಅವಳು ಎಣಿಸಲಿಲ್ಲ, ಕಾದು ನಿಂತಳು. ನನ್ನ ಎರಡೂ ಪಾದ ನೆಲದ ಮೇಲೆ ಇವೆಯೇ ಎಂದು ನೋಡಿದೆ. ಅವಳ ಎರಡೂ ಪಾದವನ್ನೂ ನೋಡಿದೆ. ಆಮೇಲೆ ರೈಟ್ ಎಂದೆ, ಇಬ್ಬರೂ ಎದ್ದೆವು.